ನಮ್ಮತ್ತೆ ಅಳಲು ಕೂತರೆ

ಸಾವಿನ ಮನೆಯಲ್ಲಿ ನಗಬಾರದು ಎನ್ನುತ್ತಾರೆ. ನಮ್ಮತ್ತೆ ಬದುಕಿದ್ದಷ್ಟು ದಿನ ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನ ನಮ್ಮ ನೆಂಟರ್ಯಾರಿಗೂ ನಗದೆ ಇರಲು ಸಾಧ್ಯವಾಗಲಿಲ್ಲ. ಅವಳು ಹೋದ ಸಾವಿನಲ್ಲೆಲ್ಲ ಏನಾದರೊಂದು ಆಗುತ್ತಲೇ ಇತ್ತು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ, ಆತಗೂರು ಪಕ್ಕದ ಹಳ್ಳಿಗೆ ಮದುವೆಯಾಗಿ ಹೋದವಳು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಂಗಸರು ಹೆಣದ ಸುತ್ತ ಕೂತು, ಸತ್ತವರ ಗುಣ ಹೇಳಿಕೊಂಡು ರಾಗವಾಗಿ ಅಳುತ್ತಾರೆ. ಅತ್ತೆಯ ರಾಗಕ್ಕೆ ಕಲ್ಲೂ ಕರಗಬೇಕು. ಆದರೆ ಅವಳು ಹೇಳುತ್ತಿದ್ದದ್ದು ಗುಣವನ್ನಲ್ಲ, ದೂರನ್ನು. ಅಳುವವರನ್ನು ಯಾರೂ ತಡೆಯುವಂತಿಲ್ಲ, ಉತ್ತರ ಕೊಡಬೇಕಾದವರು ಆಗಲೇ ಮಲಗಿರುತ್ತಾರೆ. ಇಂಥ ಅನುಕೂಲವನ್ನು ಅತ್ತೆ ಒಂದು ಸಲವೂ ಬಿಟ್ಟವಳಲ್ಲ.

ನನ್ನದು ಮದ್ದೂರಿನಲ್ಲಿ ಫ್ಲೆಕ್ಸ್ ಅಂಗಡಿ. ಮುಕ್ಕಾಲು ವ್ಯಾಪಾರ 'ಕಣ್ಣೀರಿನ ಶ್ರದ್ಧಾಂಜಲಿ'ಯದೇ. ಇಬ್ಬರೂ ಹೋಗುವ ಜಾಗ ಒಂದೇ ಆದ್ದರಿಂದ ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವ ಕೆಲಸ ನನಗೇ ಗಂಟುಬಿದ್ದಿತ್ತು.

ಬಂಡೂರಿನ ಕುರಿ

ಬಂಡೂರಿನಲ್ಲಿ ಅತ್ತೆಗೆ ದೂರದ ಸಂಬಂಧದಲ್ಲಿ ಅಣ್ಣನಾಗಬೇಕಾದವನೊಬ್ಬ ತೀರಿಕೊಂಡ. ಕೊಟ್ಟಿಗೆ ತುಂಬ ಕುರಿಗಳಿದ್ದರೂ ನೆಂಟರ ತಟ್ಟೆಗೆ ಒಂದು ತುಂಡು ಹಾಕಿದವನಲ್ಲ. ಅತ್ತೆ ಹೆಣದ ಪಕ್ಕ ಕೂತು, ಸೆರಗನ್ನು ಕಣ್ಣಿಗೊತ್ತಿಕೊಂಡು ಶುರು ಮಾಡಿದಳು.

"ಬಂದಾಗೆಲ್ಲಾ ಮುಂದಿನ್ ಸಲ ಕುರಿ ಕೊಯ್ತೀನಿ ಅಂತಿದ್ಯಲ್ಲೋ ನಮ್ಮಣ್ಣಾ... ಬರೀ ಉಪ್ಸಾರು ಉಯ್ದು ಕಳ್ಸ್‌ಬುಟ್ಯಲ್ಲೋ ನಮ್ಮಣ್ಣಾ... ಆ ಕುರಿಗೋಳ ಯಾರ್ಗಂತ ಮಡ್ಗಿದ್ಯೋ ನಮ್ಮಣ್ಣಾ..."

ಊರಿನವರು ತಲೆ ತಗ್ಗಿಸಿ ನಗು ನುಂಗಿಕೊಂಡರು. ಸತ್ತವನ ಮಗ ನಾಚಿಕೆ ತಡೆಯಲಾರದೆ ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಬುಡತ್ತೆ, ತಿಥಿಗೆ ಎಲ್ಡು ಕುರಿ ಕೊಯ್ಸ್ತೀನಿ" ಅಂದ.

ಅಳು ತಟ್ಟನೆ ನಿಂತಿತು. "ಮರಿಗೋಳಾ, ದೊಡ್ಡವಾ?"

"ದೊಡ್ಡವೇ ಕಣತ್ತೆ."

"ಧರ್ಮರಾಯ ಕಣೋ ನಮ್ಮಣ್ಣಾ..." ಎಂದು ಅತ್ತೆ ಬಿಟ್ಟ ಕಡೆಯಿಂದಲೇ ರಾಗ ಎತ್ತಿಕೊಂಡಳು.

ಮಂಡ್ಯದ ಯಜಮಾನರು

ಮಂಡ್ಯದ ಹೊಸ ಬಡಾವಣೆಯಲ್ಲಿ ನೆಂಟರೊಬ್ಬರು ತೀರಿಹೋಗಿದ್ದರು. ಅವರ ಮನೆ ಮುಂದೆ ಬಿಸಿಲೆಂದು ಕುರ್ಚಿಗಳನ್ನು ಎದುರು ಮನೆಯ ನೆರಳಿನಲ್ಲಿ ಹಾಕಿದ್ದರು. ನಾನು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಅತ್ತೆ ಆ ಕುರ್ಚಿಗಳನ್ನು ನೋಡಿಕೊಂಡು, ಗೇಟಿನಿಂದಲೇ ರಾಗ ತೆಗೆದು, ಎದುರು ಮನೆಯೊಳಗೆ ನುಗ್ಗಿಯಾಗಿತ್ತು.

ಒಳಗೆ ಊಟ ಮುಗಿಸಿ ಮಲಗಿದ್ದ ನಿವೃತ್ತ ಅಧಿಕಾರಿಯೊಬ್ಬರು ಎದ್ದು ಕೂತರು. ಹೆಣ ಎದ್ದು ಕೂತದ್ದು ನೋಡಿ ಅತ್ತೆ ಬಾಯಿ ಮುಚ್ಚಿದಳು. ನಾನು ಓಡಿ ಹೋಗಿ ಕೈ ಮುಗಿದು ವಿಷಯ ಹೇಳಿದೆ. ದೊಡ್ಡ ಮನುಷ್ಯರು, ಬೇಸರ ಮಾಡಿಕೊಳ್ಳದೆ ನಕ್ಕುಬಿಟ್ಟರು. "ಚೆನ್ನಾಗಿ ಅಳ್ತೀರಮ್ಮ. ನಾನು ಹೋದಾಗಲೂ ಬನ್ನಿ."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಬರ್ಬೋದು ಸ್ವಾಮಿ. ಆದ್ರೆ ನಿಮ್ ಗುಣ ನಂಗೇನ್ ಗೊತ್ತು? ಸೊಸೆ ಇದ್ರೆ ಕರೀರಿ, ಎಲ್ಡ್ ನಿಮಿಸ ಕೇಳ್ಕತೀನಿ."

ಅಡಿಗೆಮನೆಯಿಂದ ಆ ಸೊಸೆ ಬಂದ ವೇಗ ನೋಡಿ ಯಜಮಾನರ ನಗು ನಿಂತಿತು.

ನನ್ನ ಸರದಿ

ನಮ್ಮವ್ವ ಹೋದಾಗ ನನಗೆ ಅಳು ಬರಲಿಲ್ಲ. ಆರಡಿ ಎತ್ತರದ ಫ್ಲೆಕ್ಸ್ ಮಾಡಿಸಿ, ಎರಡೂ ಮೂಲೆಯಲ್ಲಿ ಕಣ್ಣೀರಿನ ಹನಿ ಹಾಕಿಸಿ, ಬಂದವರಿಗೆಲ್ಲ ಅದನ್ನೇ ತೋರಿಸಿಕೊಂಡು ನಿಂತಿದ್ದೆ. ಅತ್ತೆ ಬಂದಳು. ಫ್ಲೆಕ್ಸ್ ನೋಡಿದಳು. ಕೂತಳು.

"ಕಣ್ಣೀರ್ನೆಲ್ಲಾ ಬೋರ್ಡಿಗೆ ಅಂಟಿಸ್ಬುಟ್ಟು ನಿನ್ ಮಗ ಒಣಗ್ ನಿಂತವ್ನಲ್ಲಾ ಅತ್ಗೆಮ್ಮಾ... ನಿನ್ ಪಾಲಿನ್ ಮೊಟ್ಟೇನೂ ಇವನ್ ಬಾಯ್ಗಾಕಿದ್ಯಲ್ಲಾ ಅತ್ಗೆಮ್ಮಾ..."

ಮೊಟ್ಟೆಯ ವಿಷಯ ನನಗೆ ಅದುವರೆಗೆ ಗೊತ್ತಿರಲಿಲ್ಲ. ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ಆಚೆ ಕೂತವಳ ಕಡೆ ತಿರುಗಿ, "ಇವನ್ದಾಯ್ತು, ಕಾಪಿ ಕೊಡ್ತಾವ್ರಾ ನೋಡು" ಅಂದಳು. ಅವಳ ಬಾಯಿಗೆ ಎಷ್ಟು ಹೆದರುತ್ತಿದ್ದೆನೋ ಅಷ್ಟೇ ಅವಳು ನನಗೆ ಬೇಕಾಗಿದ್ದಳು. ಆವತ್ತು ಅದು ತಿಳಿಯಿತು.

ತಾಲೀಮು

ಕಳೆದ ವರ್ಷ ಅತ್ತೆ ಹಾಸಿಗೆ ಹಿಡಿದಳು. ಸಾಯುವ ಭಯ ಅವಳಿಗೆ ಇರಲಿಲ್ಲ. ಭಯ ಬೇರೆಯದು.

"ಊರೋರ್ಗೆಲ್ಲಾ ನಾನ್ ಅತ್ತಿವ್ನಿ. ನಂಗ್ ಅಳೋರ್ ಯಾರ್ಲಾ?"

ಮೊಮ್ಮಕ್ಕಳು ಮೊಬೈಲ್ ನೋಡಿಕೊಂಡು ಮೂಗೊರೆಸಿಕೊಳ್ಳುವ ಪೈಕಿ. ಉಳಿದವಳು ಮಳವಳ್ಳಿ ಕಡೆಯಿಂದ ತಂದ ಸೊಸೆಯೊಬ್ಬಳೇ. ಇಪ್ಪತ್ತು ವರ್ಷ ಅತ್ತೆಯ ಬೈಗುಳ ಕೇಳಿಯೂ ಆ ಹೆಣ್ಣು ಒಂದು ಎದುರು ಮಾತೂ ಆಡಿರಲಿಲ್ಲ. ಅತ್ತೆ ಜಗುಲಿಯ ಮಂಚದಲ್ಲಿ ಕೈಕಾಲು ಚಾಚಿಕೊಂಡು, ಕಣ್ಣು ಮುಚ್ಚಿ, "ನಾನ್ ಸತ್ತಿವ್ನಿ ಅಂದ್ಕೊ. ಊಂ, ಅಳು" ಎಂದು ಅಪ್ಪಣೆ ಕೊಟ್ಟಳು.

"ಅಯ್ಯೋ ಅತ್ತೆಮ್ಮಾ, ಬುಟ್ಟೋದ್ಯಾ..."

ಹೆಣ ಒಂದು ಕಣ್ಣು ತೆರೆಯಿತು. "ಬಸ್ಸು ತಪ್ಪೋದಂಗ್ ಅಳ್ತೀಯಲ್ಲೇ! ಗಂಟ್ಲು ಎತ್ತು."

ಸೊಸೆ ಇನ್ನೊಂದು ಸಲ ಅತ್ತಳು. "ಇಂಗ್ ಅತ್ರೆ ನಾನ್ ಸಾಯಕಿಲ್ಲ ಕಣವ್ವ" ಎಂದು ಅತ್ತೆ ಎದ್ದು ಕೂತಳು. ಹತ್ತು ದಿನ ಇದೇ ನಡೆಯಿತು. ಎರಡು ಸಲ ಪಕ್ಕದ ಬೀದಿಯವರು ನಿಜವೆಂದುಕೊಂಡು ಹಾರ ತಂದು, ಬೈಸಿಕೊಂಡು ವಾಪಸ್ಸು ಹೋದರು.

ಕೊನೆಯ ದಿನ ಅತ್ತೆ ನನ್ನ ಕೈ ಹಿಡಿದುಕೊಂಡಳು. "ಇವ್ಳು ಬಾಯ್ ಬುಡಲ್ಲ ಕಣ್ಲಾ. ನಾನ್ ನಾಯಿ ಓದಂಗ್ ಓಯ್ತೀನಿ." ನಾನು ನಕ್ಕೆ. ಆಮೇಲೆ ನೋಡಿದರೆ ಅವಳ ಕಣ್ಣಲ್ಲಿ ನೀರು. ರಾಗವಿಲ್ಲದೆ ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಕ್ಕದ್ದಕ್ಕೆ ಇವತ್ತಿಗೂ ನನಗೆ ಸಂಕಟವಿದೆ.

ಪರೀಕ್ಷೆ

ಅತ್ತೆ ಹೋದಳು. ಮೂರು ತಾಲ್ಲೂಕಿನಿಂದಲೂ ಜನ ಬಂದರು. ದುಃಖದಿಂದ ಬಂದವರು ಅರ್ಧ, ಖಾತ್ರಿ ಮಾಡಿಕೊಳ್ಳಲು ಬಂದವರು ಅರ್ಧ. ಅವಸರದಲ್ಲಿ ನಾನು ಯಾರದೋ ಹಳೆಯ ಫ್ಲೆಕ್ಸಿನ ಅಕ್ಷರಗಳನ್ನು ಹಾಗೇ ಉಳಿಸಿ ಫೋಟೋ ಮಾತ್ರ ಬದಲಾಯಿಸಿದ್ದೆ. ಅತ್ತೆಯ ಮುಖದ ಕೆಳಗೆ 'ಮೃದುಭಾಷಿ' ಎಂದು ಇತ್ತು. ಬಸರಾಳು ಕಡೆಯ ನೆಂಟನೊಬ್ಬ ಅದನ್ನೋದಿ, ಮನೆ ತಪ್ಪಿತೆಂದು ಮುಂದಕ್ಕೆ ಹೋಗಿಬಿಟ್ಟ.

ಹೆಣದ ಸುತ್ತ ಮಾತ್ರ ಮೌನ. ಅವಳ ಮುಂದೆ ರಾಗ ತೆಗೆಯಲು ಯಾವ ಹೆಂಗಸಿಗೂ ಧೈರ್ಯವಿಲ್ಲ. ಸೊಸೆ ತಲೆಯ ಹತ್ತಿರ ತುಟಿ ಬಿಗಿದು ಕೂತಿದ್ದಳು. ಗಂಡಸರು ಚಟ್ಟ ಕಟ್ಟಿ ಮುಗಿಸಿದರು. ಅತ್ತೆ ಹೆದರಿದಂತೆಯೇ ಆಯಿತಲ್ಲ ಎಂದುಕೊಂಡೆ. ಎತ್ತೋಣ ಎಂದು ಯಾರೋ ಅಂದರು.

ಆಗ ಸೊಸೆ ಬಾಯಿ ತೆರೆದಳು.

"ಇಪ್ಪತ್ ವರ್ಸ ನನ್ ಮುದ್ದೇಲಿ ಗಂಟೈತೆ ಅಂದ್ಯಲ್ಲಾ ಅತ್ತೆಮ್ಮಾ... ಆ ಗಂಟಿನ್ ಮುದ್ದೇನೇ ಎಲ್ಡೆಲ್ಡು ಉಣ್ತಿದ್ಯಲ್ಲಾ ಅತ್ತೆಮ್ಮಾ... ನಂಗ್ ಜರ ಬಂದ್ರೆ ಬೈಕಂಡ್ ಬೈಕಂಡೇ ಕಾಲ್ ಒತ್ತಿದ್ಯಲ್ಲಾ ಅತ್ತೆಮ್ಮಾ..."

ಬೀದಿಯ ಕೊನೆಯಲ್ಲಿ ಬೀಡಿ ಸೇದುತ್ತಿದ್ದವರೂ ಒಳಗೆ ಬಂದರು. ಒಂದು ದೂರನ್ನೂ ಅವಳು ಮರೆತಿರಲಿಲ್ಲ. ನಡುವೆ ತಟ್ಟನೆ ನಿಲ್ಲಿಸಿ, "ತಿಥಿ ಮೆಣ್ಸಿನ್‌ಕಾಯಿ ಬಿಸ್ಲಿಗ್ ಆಕವ್ರಾ?" ಎಂದು ಕೇಳಿ, ಹಾಕಿದ್ದಾರೆಂದು ತಿಳಿದ ಮೇಲೆ ಬಿಟ್ಟ ಕಡೆಯಿಂದಲೇ ಎತ್ತಿಕೊಂಡಳು. ಜನ ನಗುತ್ತ ಅಳುತ್ತಿದ್ದರು, ನಾನೂ ಸೇರಿ. ಕೊನೆಗೆ ಅವಳು ಅತ್ತೆಯ ಎರಡೂ ಕೆನ್ನೆ ಹಿಡಿದುಕೊಂಡಳು.

"ಅಳಕ್ಕೂ ಬರಲ್ಲ ನಿಂಗೆ ಅಂದ್ಯಲ್ಲಾ ಅತ್ತೆಮ್ಮಾ... ಎದ್ದು ಕೇಳವ್ವಾ ಈಗ... ಸರಿಯಾಯ್ತಾ ಯೋಳವ್ವಾ..."

ಎಲ್ಲರೂ ಅತ್ತೆಯ ಮುಖ ನೋಡಿದೆವು. ಯಾವ ತಪ್ಪನ್ನೂ ಹುಡುಕದೆ ಅವಳು ಸುಮ್ಮನೆ ಇದ್ದದ್ದು ಅದೊಂದೇ ಸಲ.