ಪರದೆಯ ಕೆಳಗೆ ಎರಡು ಕಾಲು

"ಹೊರಗಿನವರು ಒಬ್ಬರೇ ಒಬ್ಬರು ಕೊನೇ ಹಂತದಲ್ಲಿ ನನ್ನನ್ನ ಹುಡುಕಿಬಿಟ್ರೆ, ಈ ಆಟಾನೇ ಅಳಿಸಿ ಹಾಕ್ತೀನಿ!" ಎಂದು ಕನ್ನಡಕದಂಗಡಿಯ ಯಜಮಾನರು ಹೆಂಡತಿಯ ಮುಂದೆ ಘೋರ ಪ್ರತಿಜ್ಞೆ ಮಾಡಿದರು.

ಅಂಗಡಿ ಮುಚ್ಚಿ ಬಂದ ಮೇಲೆ ದಿನವೂ ಕೂತು ಅವರು ಕಟ್ಟಿದ ಮೊಬೈಲ್ ಆಟ ಅದು. ಕಣ್ಣಾಮುಚ್ಚಾಲೆ! ಆಡುವವರು ಮನೆಯೊಳಗೆ ಅಡಗಿರುವ ಪುಟ್ಟ ಹುಡುಗನನ್ನು ಹುಡುಕಬೇಕು. ಹುಡುಗ ಬೇರೆ ಯಾರೂ ಅಲ್ಲ, ಸಾಕ್ಷಾತ್ ಯಜಮಾನರೇ. ಮನೆ ಅವರು ಬೆಳೆದ ಬಾಡಿಗೆ ಮನೆ. ಅದನ್ನು ಕೆಡವಿ ಎಷ್ಟೋ ಕಾಲವಾಯಿತು. ಅಲ್ಲೀಗ ಗಾಡಿ ನಿಲ್ಲಿಸುತ್ತಾರೆ. ಮೊಬೈಲಿನಲ್ಲಿ ಮಾತ್ರ ಕಿರುಗುಟ್ಟುವ ಬಾಗಿಲು, ಕುಂಟು ಮೇಜು, ಅಮ್ಮನ ಹೊಲಿಗೆ ಯಂತ್ರ ಎಲ್ಲ ಇದ್ದಲ್ಲೇ ಇವೆ. ಆಟ ತೆರೆದಾಗಲೆಲ್ಲ ಅವರು ಮೊದಲು ಆ ಬಾಗಿಲನ್ನು ಒಂದು ಸಲ ಕಿರುಗುಟ್ಟಿಸುತ್ತಿದ್ದರು.

ಕೊನೆಯ ಹಂತದಲ್ಲಿ ಹುಡುಗ ಅಡಗುವುದು ನಡುಮನೆಯ ಪರದೆಯ ಹಿಂದೆ. "ಚಿಕ್ಕೋನಿದ್ದಾಗ ಅಕ್ಕ ಮನೆಯೆಲ್ಲಾ ಜಾಲಾಡಿದ್ರೂ ಅಲ್ಲಿ ಒಂದು ಸಲಾನೂ ಸಿಕ್ಕಿಲ್ಲ ನಾನು!" ಎಂದು ಯಜಮಾನರು ಬೀಗಿದರು.

"ರೀ, ಪರದೆ ಗಿಡ್ಡ ಆಯ್ತು. ಕಾಲು ಕಾಣ್ತಿದೆ."

"ಅದು ಗಿಡ್ಡಾನೇ ಇದ್ದಿದ್ದು ಕಣೇ! ಅಮ್ಮ ಕೆಳಗಿನ ತುಂಡು ಕತ್ತರಿಸಿ ನಂಗೆ ಶಾಲೆ ಚೀಲ ಹೊಲಿದಿದ್ಳು. ಒಂದಿಂಚೂ ಬದಲಾಯಿಸಲ್ಲ!"

ಬಿಡುಗಡೆಗೆ ಮುಂಚೆ ಹೊರಗಿನವರು ಆಡಿ ತಪ್ಪು ಹೇಳಬೇಕಲ್ಲ? ಪರಿಚಯದವರ ಫೋನಿಗೆಲ್ಲ ಆಟ ಹೋಯಿತು. ಪಕ್ಕದ ದರ್ಜಿ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಹುಡುಗನನ್ನು ಹಿಡಿದ. "ಸಾರ್, ಪರದೆಗೆ ಗೇಣು ಬಟ್ಟೆ ಸಾಲ್ದು. ಕೊಡಿ, ಜೋಡಿಸಿಕೊಡ್ತೀನಿ" ಎಂದ. ಔಷಧಿ ಅಂಗಡಿಯವನು, "ಕೊನೇ ಹಂತ ಅಂದ್ರಿ, ಮೊದಲನೇದಕ್ಕಿಂತ ಸುಲಭ ಇದೆಯಲ್ಲ?" ಎಂದು ಕೇಳಿದ. ಹೊಸ ಕನ್ನಡಕಕ್ಕೆ ಬಂದಿದ್ದ ಅಜ್ಜಿಯೊಬ್ಬರು ಅದನ್ನು ಮೂಗಿಗೇರಿಸುವ ಮೊದಲೇ, "ಅಗೋ, ಕಾಲು!" ಎಂದುಬಿಟ್ಟರು. ಅಲ್ಲಿಗೆ ಅಂಗಡಿಯ ಮಾನವೂ ಹೋಯಿತು!

ಯಜಮಾನರು ಮುಖ ಜೋಲು ಹಾಕಿಕೊಂಡು ಮನೆಗೆ ಬಂದರು. "ಅಳಿಸಿ ಹಾಕ್ತೀರಾ ಹಾಗಾದ್ರೆ?" ಎಂದಳು ಹೆಂಡತಿ. ಮಾತು ಕೊಟ್ಟಾಗಿತ್ತು. ಆದರೆ ಅಳಿಸಿದರೆ ಆ ಮನೆ ಎರಡನೆಯ ಸಲ ನೆಲಸಮ! ಅವರ ಬೆರಳು ಮೇಲೇಳಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು. ಬೇರೆ ಊರಿನಲ್ಲಿದ್ದ ಅವಳಿಗೂ ಆಟ ಹೋಗಿತ್ತು. "ಮಂಚದ ಕೆಳಗೆ, ಮೇಜಿನ ಹಿಂದೆ, ಎಲ್ಲಾ ಕಡೆ ಹುಡುಕಿದೆ ಕಣೋ. ಸಿಗ್ಲೇ ಇಲ್ಲ ನೀನು!"

"ಕೇಳಿದ್ಯೇನೇ? ಕೇಳಿದ್ಯಾ?" ಯಜಮಾನರು ನಿಂತಲ್ಲೇ ಕುಣಿದರು.

ಹೆಂಡತಿ ಫೋನು ಕಸಿದುಕೊಂಡು ಸ್ಪೀಕರ್ ಹಾಕಿದಳು. "ಅಕ್ಕಾ, ನಿಜ ಹೇಳಿ. ಕಾಲು ಕಾಣ್ಲಿಲ್ವಾ?"

ಆ ಕಡೆ ನಗು. "ಕಾಣ್ದೇ ಏನಮ್ಮಾ? ಆವಾಗ್ಲೂ ಕಾಣ್ತಿತ್ತು. ಸಿಕ್ಕಿಬಿದ್ರೆ ಊಟ ಬಿಟ್ಟು ಅಳ್ತಿದ್ದ. ಅದಕ್ಕೇ ಅಮ್ಮ ಕಣ್ಣು ಮಿಟುಕಿಸಿ, ಇನ್ನೂ ಸ್ವಲ್ಪ ಹುಡುಕೇ ಅಂತಿದ್ಳು. ಇವತ್ತೂ ಆ ಪರದೆ ಮುಟ್ಟೋಕೆ ಮನಸ್ಸೇ ಬರ್ಲಿಲ್ಲ."

ಅಷ್ಟು ವರ್ಷದ ಬಿರುದು ಕಳಚಿ ಬಿತ್ತು. ಅವಮಾನವೋ ಸಂತೋಷವೋ ಯಜಮಾನರಿಗೆ ತಿಳಿಯಲಿಲ್ಲ. ಅಮ್ಮ ಮಾತ್ರ ತುಂಬ ನೆನಪಾದಳು. "ಅಳಿಸಲ್ಲ ಕಣೇ. ಪರದೇನೂ ಹಾಗೇ ಇರ್ಲಿ" ಎಂದವರೇ, ಕಿಟಕಿ ಮುಚ್ಚುವ ನೆಪದಲ್ಲಿ ಅದರ ಪರದೆಯ ಹಿಂದೆ ಸರಿದು ಸೊರಸೊರ ಮೂಗೊರೆಸಿಕೊಂಡರು.

ಪರದೆಯ ಕೆಳಗೆ ಎರಡು ಕಾಲು ಎದ್ದು ಕಾಣುತ್ತಿದ್ದವು. ಹೆಂಡತಿ ಅವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮನೆಯೆಲ್ಲ ಕೇಳುವಂತೆ ಕೂಗಿದಳು:

"ಎಲ್ಲಿ ಹೋದ್ರಪ್ಪಾ ಇವ್ರು? ಕಾಣಿಸ್ತಾನೇ ಇಲ್ವಲ್ಲ!"