ಮಾವ ಬರೆದುಕೊಟ್ಟ ಆರೋಗ್ಯ

ನನ್ನ ಸೋದರಮಾವನಿಗೆ ಆರೋಗ್ಯ ಎಂದರೆ ಆಗುತ್ತಿರಲಿಲ್ಲ! ಬೀದಿಯಲ್ಲಿ ಯಾರಾದರೂ "ಎಂತ, ಸೌಖ್ಯವಾ?" ಎಂದರೆ ಮುಖ ಸಿಂಡರಿಸುತ್ತಿದ್ದರು. "ಎಂತ ಸೌಖ್ಯ ಮಾರಾಯ, ಹೊಟ್ಟೆಯೊಳಗೆ ಬೆಂಕಿ ಉಂಟು" ಎಂದು ಶುರುಮಾಡಿದರೆ, ಕೇಳಿದವನ ಬಸ್ಸು ಹೋಗಿ ಆಗಿರುತ್ತಿತ್ತು. ಅಷ್ಟು ಹೇಳಿ ಮನೆಗೆ ಬಂದು ಎಂಟು ನೀರುದೋಸೆ ತಿನ್ನುವರು. ಬೆಂಕಿ ಎಂದ ಮೇಲೆ ಸೌದೆ ಬೇಡವೇ?

ಅತ್ತೆ ತೀರಿಕೊಂಡ ಮೇಲೆ ಜೆಪ್ಪುವಿನ ಮನೆಯಲ್ಲಿ ಮಾವ ಒಬ್ಬರೇ. ವಾರಕ್ಕೊಮ್ಮೆ ಪಡೀಲಿನ ನಮ್ಮ ಮನೆಗೆ ಸುದ್ದಿ ಬರುತ್ತಿತ್ತು: ಹೊಟ್ಟೆನೋವು ಜೋರು! ಅವರ ಅಕ್ಕನಾದ ನನ್ನ ಅಮ್ಮ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಅಮ್ಮ ಅಂಗಳಕ್ಕೆ ಕಾಲಿಟ್ಟ ಕೂಡಲೇ ನೋವು ಅರ್ಧ ಇಳಿಯುತ್ತಿತ್ತು. ಚಟ್ನಿ ಮುಗಿಯುವಾಗ ಪೂರ್ತಿ. ಹೀಗೆ ಇಪ್ಪತ್ತು ವರ್ಷ ನಡೆಯಿತು.

ಎಂಬತ್ತರ ದಶಕದ ಕೊನೆಗೆ ಮಸ್ಕತ್ತಿನಲ್ಲಿದ್ದ ನನ್ನ ತಂಗಿ ಹೆತ್ತಳು. ಮಗು ನೋಡಲು ಮಾವ ಹೊರಟರು. ಪ್ರಯಾಣದ ವಿಮೆಯ ಫಾರ್ಮು ತುಂಬಿಸಿದವನು ನಾನು. ಹಳೆಯ ಕಾಯಿಲೆ ಏನಾದರೂ ಉಂಟೇ ಎಂಬ ಪ್ರಶ್ನೆಗೆ 'ಇಲ್ಲ' ಎಂದು ಬರೆದು, ಓದಿ ಹೇಳದೆಯೇ ಸಹಿ ಹಾಕಿಸಿದೆ. ಓದಿದ್ದರೆ ಫಾರ್ಮಿಗೆ ನೋಟುಪುಸ್ತಕ ಹೊಲಿಯಬೇಕಾಗುತ್ತಿತ್ತು!

ನೋಡಿ ಗ್ರಹಚಾರ, ಆ ಹೊಟ್ಟೆ ಅಲ್ಲಿ ನಿಜವಾಗಿಯೇ ಕೈಕೊಟ್ಟಿತು. ಅಪೆಂಡಿಕ್ಸ್! ಆಪರೇಷನ್ ಆಯಿತು. ಊರಿಗೆ ಮರಳಿದ ಮಾವ ಬಂದವರಿಗೆಲ್ಲ ಬನಿಯನ್ ಎತ್ತಿ ಹೊಲಿಗೆ ತೋರಿಸಿದರು.

ಆಸ್ಪತ್ರೆಯ ಖರ್ಚು ಕೇಳಿ ಹಾಕಿದ ಅರ್ಜಿಯ ವಿಚಾರಣೆಗೆ ವಿಮಾ ಕಂಪನಿಯಿಂದ ಒಬ್ಬ ಅಧಿಕಾರಿ ಬಂದರು. ಕೈಯಲ್ಲಿ ಫೈಲು, ಪೆನ್ನು. "ಈ ನೋವು ಮೊದಲೇ ಇತ್ತಾ?" ಎಂದರು. ಅಯ್ಯೋ ದೇವರೇ! ಮಾವನ ರೋಗದ ಕಥೆಯನ್ನು ಒಬ್ಬ ಮನುಷ್ಯ ತಾನಾಗಿ ಕೇಳಲು ಬಂದದ್ದು ಅದೇ ಮೊದಲು. ಸಾಲದ್ದಕ್ಕೆ ಬರೆದುಕೊಳ್ಳುತ್ತಲೂ ಇದ್ದರು! ಮಾವ ಎಳನೀರು ತರಿಸಿದರು.

"ಇತ್ತಾ ಅಂತ ಕೇಳ್ತೀರಾ? ಇಪ್ಪತ್ತು ವರ್ಷದ ನೋವು ಸಾರ್! ಬರ್ಕೊಳ್ಳಿ."

ಬೇಲಿಯಾಚೆಯಿಂದ ಪಕ್ಕದ ಮನೆಯ ಬಾಯಮ್ಮ ಸಹಾಯಕ್ಕೆ ಬಂದರು. "ಹೌದು ಸಾರ್, ಪಾಪದವರು. ಅವರ ಹೊಟ್ಟೆನೋವು ಇಡೀ ಜೆಪ್ಪುವಿಗೆ ಗೊತ್ತುಂಟು."

ಅಧಿಕಾರಿ ಮಾವನ ಸಹಿ ಹಾಕಿಸಿಕೊಂಡು, ಉಪಕಾರ ಹೇಳಿ ಹೋದರು. ತಿಂಗಳೊಳಗೆ ಕಾಗದ ಬಂತು: ಹಳೆಯ ರೋಗ ಮುಚ್ಚಿಟ್ಟಿದ್ದೀರಿ, ಆದ್ದರಿಂದ ಕ್ಲೇಮು ಇಲ್ಲ. ಮುಚ್ಚಿಟ್ಟದ್ದು! ನನ್ನ ಮಾವ!

ಮಾವನಿಗೆ ಬೇಸರವೇ ಆಗಲಿಲ್ಲ. "ಹೋಗಲಿ ಮಾರಾಯ, ರೋಗ ಉಂಟು ಅಂತ ಕಂಪನಿಯೇ ಒಪ್ಪಿತಲ್ಲ" ಎಂದು ಆ ಕಾಗದಕ್ಕೆ ಫ್ರೇಮು ಹಾಕಿಸುವ ಯೋಚನೆಯಲ್ಲಿದ್ದರು. ಆಗ ಅಮ್ಮ ಮೆಲ್ಲನೆ ಬಾಯಿಬಿಟ್ಟರು. "ಆಸ್ಪತ್ರೆಗೆ ಕಟ್ಟಲಿಕ್ಕೆ ಹುಡುಗಿ ಬಳೆ ಮಾರಿದ್ದಾಳೆ. ನಿನಗೆ ಹೇಳಬಾರದು ಅಂತ ಬರೆದಿದ್ದಳು."

ಅವಳ ಮದುವೆಗೆ ಮಾವನೇ ತೊಡಿಸಿದ ಬಳೆಗಳವು. ನಮ್ಮ ಬಂಟರಲ್ಲಿ ಅಕ್ಕನ ಮಗಳ ಮೈಮೇಲೆ ಚಿನ್ನ ಹಾಕುವುದು ಸೋದರಮಾವನ ಹೆಮ್ಮೆ. ಆ ಚಿನ್ನ ತನ್ನ ಹೊಟ್ಟೆಗಾಗಿಯೇ ಇಳಿಯಿತೆಂದರೆ? ಮಾವ ಅಂದು ಗಂಜಿ ಮುಟ್ಟಲಿಲ್ಲ.

ಮರುದಿನವೇ, ಇಷ್ಟು ವರ್ಷ ತಮ್ಮ ಹೊಟ್ಟೆಗೆ ಮದ್ದು ಕೊಟ್ಟ ಡಾಕ್ಟರನ್ನೂ ನನ್ನನ್ನೂ ಎಳೆದುಕೊಂಡು ವಿಮಾ ಕಚೇರಿಗೆ ಹೋದರು.

"ಇವರಿಗೆ ಎಂತ ರೋಗವೂ ಇರಲಿಲ್ಲ. ನಾನು ಕೊಡ್ತಾ ಇದ್ದದ್ದು ಬರೀ ವಿಟಮಿನ್ ಮಾತ್ರೆ" ಎಂದರು ಡಾಕ್ಟರು.

ಮಾವ ಕುರ್ಚಿಯಿಂದ ಅರ್ಧ ಎದ್ದರು. "ಆ ಹಳದಿ ಮಾತ್ರೆಯಾ ಡಾಕ್ಟ್ರೇ? ಅದರಲ್ಲಿ ನನಗೆ ಎಷ್ಟು ಗುಣ ಇತ್ತು!"

ಅಧಿಕಾರಿ ಫೈಲು ತೆರೆದರು. "ಮಸ್ಕತ್ತಿನ ಡಾಕ್ಟರೂ ಇದು ಹೊಸ ನೋವು ಅಂತಲೇ ಬರೆದಿದ್ದಾರೆ. ಮತ್ತೆ ಅವತ್ತು ನೀವೇ ಹೇಳಿದ್ದಲ್ಲ, ಇಪ್ಪತ್ತು ವರ್ಷದ್ದು ಅಂತ?"

ಹಿಂದಿನ ಬೆಂಚಿನಲ್ಲಿ ಜೆಪ್ಪುವಿನವರೇ ಇಬ್ಬರು ಕಿವಿಗೊಟ್ಟು ಕೂತಿದ್ದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಮಾವ ಒಮ್ಮೆ ನನ್ನ ಮುಖ ನೋಡಿದರು.

"ಸುಳ್ಳು ಹೇಳಿದ್ದು ಸಾರ್. ನಾನು ಸೌಖ್ಯವೇ ಇದ್ದೆ. ಎಲ್ಲಿ ಸಹಿ ಹಾಕಬೇಕು?"

ಹಣ ಬಂತು. ತಂಗಿ ರಜೆಯಲ್ಲಿ ಬಂದಾಗ ಮಾವ ತಾವೇ ಹೊಸ ಬಳೆ ತೊಡಿಸಿದರು. ಆದರೆ ಆ ಸಹಿಯೊಂದಿಗೆ ಅವರ ಬಾಯಿ ಕಟ್ಟಿಹೋಯಿತು. ಸೋಡಾ ಅಂಗಡಿಯವನು "ಹೊಟ್ಟೆ ಹೇಗುಂಟು?" ಎಂದು ಕಿಸಕ್ಕೆಂದರೆ "ಸೌಖ್ಯ" ಎಂದು ತಲೆತಗ್ಗಿಸಿ ಹೋಗುವರು. ಪಡೀಲಿಗೆ ಸುದ್ದಿ ಬರುವುದೂ ನಿಂತಿತು. ಒಂದು ವಾರ, ಎರಡು, ಮೂರು. ನಾಲ್ಕನೆಯ ವಾರ ಅಮ್ಮ ಹೇಳದೆ ಕೇಳದೆ ಗಂಜಿ ಕಟ್ಟಿಕೊಂಡು ಹೊರಟೇಬಿಟ್ಟರು. ಚಟ್ನಿ ಹಿಡಿದು ಹಿಂದೆ ನಾನು.

ಜಗಲಿಯಲ್ಲಿದ್ದ ಮಾವ ಅಮ್ಮನನ್ನು ಕಂಡು ಗಾಬರಿಯಿಂದ ಎದ್ದರು. "ಎಂತಕ್ಕೆ ಬಂದದ್ದು ಅಕ್ಕ? ನನಗೆ ನೋವಿಲ್ಲ. ಬರೆದು ಕೊಟ್ಟಾಗಿದೆ."

"ಇಷ್ಟು ವರ್ಷ ನಾನು ನೋವಿಗೆ ಬಂದದ್ದು ಅಂತ ಗ್ರಹಿಸಿದ್ದೀಯಾ?" ಅಮ್ಮ ಬಟ್ಟಲಿಗೆ ಗಂಜಿ ಬಡಿಸಿದರು. "ಹಸಿವಿಲ್ಲ ಅಂತ ಬರೆದು ಕೊಟ್ಟಿಲ್ಲವಲ್ಲ? ಕೂತ್ಕೋ."

ಮಾವ ಕೂತರು. ಚಟ್ನಿ ಮುಗಿಯುವವರೆಗೂ ತಲೆ ಎತ್ತಲಿಲ್ಲ.