ಲಿಸ್ಬನ್‌ನಿಂದ ತುಲೂಸ್‌ಗೆ ಎಷ್ಟು ತೇರ್ಸ್?

ಎಲ್ಲರಿಗೂ ಒಂದೊಂದು ಜಂಬ ಇರುತ್ತದೆ; ನನ್ನದು ದೂರ ಹೇಳುವ ಜಂಬ. ಇಲ್ಲಿ ಕೊಲ್ಲಿ ದೇಶದಲ್ಲಿ, ಖುರುಮಿನ ಸರಕು ಸಾಗಣೆ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದೇನೆ. ಯಾವ ಊರಿಂದ ಯಾವ ಊರಿಗೆ ಎಷ್ಟು ಕಿಲೋಮೀಟರು, ಎಷ್ಟು ಗಂಟೆ ಎಂದು ಯಾರಾದರೂ ಕೇಳಿದರೆ ಸಾಕು, ಕೇಳದಿದ್ದರೂ ಸಾಕು, ಹೇಳಿಬಿಡುತ್ತೇನೆ. ಈ ಜಂಬದಿಂದಲೇ ತಮ್ಮ ವಿಲ್ಲಿಯ ಜೊತೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ನಿಜ್ವಾಕ್ಕೆ ಪಿಕ್ನಿಕ್ ಹೊರಟಾಗ ನನ್ನ ದಾರಿಯೇ ಹತ್ತಿರ ಎಂದು ವಾದಿಸಿ ಬೇರೆ ಹೋದವನು ಮುಕ್ಕಾಲು ಗಂಟೆ ತಡವಾಗಿ ತಲುಪಿದೆ. "ಬಂದ್ರಪ್ಪಾ ದೊಡ್ಡ ಮ್ಯಾನೇಜರ್!" ಎಂದು ಅವನು ಎಲ್ಲರೆದುರು ನಕ್ಕ. ಅಷ್ಟೇ. ನಗು ಅವನದು, ಮುನಿಸು ನನ್ನದು.

ಹೀಗಿರುವಾಗ ಉಡುಪಿಯಿಂದ ಅಮ್ಮ ಬಂದರು. ಅಲ್ ಖೌದ್‌ನ ನಮ್ಮ ಫ್ಲ್ಯಾಟಿನಲ್ಲಿ ಎರಡು ವಾರ ಇದ್ದು, ಇಲ್ಲಿನ ಇಗರ್ಜಿಯವರ ಜೊತೆ ಲಿಸ್ಬನ್ ಕಡೆಯ ಫಾತಿಮಾ, ತುಲೂಸ್ ಕಡೆಯ ಲೂರ್ದ್ ಎಂಬ ಕನ್ಯಾಮಾತೆಯ ಕ್ಷೇತ್ರಗಳಿಗೆ ಯಾತ್ರೆ ಹೋಗುವುದೆಂದು ತೀರ್ಮಾನ. ಆಯುಷ್ಯವಿಡೀ ಆಸೆಪಟ್ಟ ಯಾತ್ರೆ. ಬಂದ ಎರಡನೇ ದಿನವೇ ಒಲ್ಲೆ ಎಂದರು! ಲಿಸ್ಬನ್‌ನಿಂದ ತುಲೂಸ್‌ಗೆ ಚಿಕ್ಕ ವಿಮಾನ, ಭಾರಿ ಕುಲುಕುತ್ತದೆ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರಂತೆ.

"ಎಷ್ಟು ಹೊತ್ತು ಉಂಟು ಅದು?" ಎಂದು ಕೇಳಿದರು.

ಟಿಕೆಟ್ ನೋಡಿದೆ. ಹತ್ತಕ್ಕೆ ಹೊರಟು ಒಂದಕ್ಕೆ ಹತ್ತು ನಿಮಿಷ ಇರುವಾಗ ಇಳಿಯುತ್ತದೆ. "ಸಾವಿರ ಚಿಲ್ಲರೆ ಕಿಲೋಮೀಟರ್. ಎರಡು ಗಂಟೆ ಐವತ್ತು ನಿಮಿಷ."

ಅಮ್ಮನದು ಗಂಟೆಯ ಲೆಕ್ಕವಲ್ಲ. ಜಪಸರದ ಪ್ರಾರ್ಥನೆಗೆ ನಾವು ಕೊಂಕಣಿ ಕ್ರೈಸ್ತರು ತೇರ್ಸ್ ಎನ್ನುತ್ತೇವೆ. ಒಂದು ತೇರ್ಸ್ ಎಂದರೆ ಇಪ್ಪತ್ತು ನಿಮಿಷ. "ಎಂಟೂವರೆ ತೇರ್ಸ್! ಬೇಡ ಮಾರಾಯ, ನಾನು ಹೋಗುವುದಿಲ್ಲ."

ಮಗಳು ಫೋನಿನಿಂದ ತಲೆಯೆತ್ತದೆ, "ಪಪ್ಪಾ, ಟೈಮ್ ಝೋನ್!" ಎಂದಳು. ಅಯ್ಯೋ ದೇವರೇ! ತುಲೂಸ್‌ನ ಗಡಿಯಾರ ಒಂದು ಗಂಟೆ ಮುಂದೆ. ಹಾರಾಟ ಎರಡು ಗಂಟೆಯೂ ಇಲ್ಲ. ಊರಿಗಿಂತ ಒಂದೂವರೆ ಗಂಟೆ ಹಿಂದಿರುವ ದೇಶದಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಇಷ್ಟು ಹೊಳೆಯಲಿಲ್ಲ.

"ಹಾಗಾದರೆ ಉಳಿದ ಮೂರು ತೇರ್ಸ್ ಎಲ್ಲಿ ಹೋಯಿತು?" ಎಂದರು ಅಮ್ಮ.

"ಅದು ಇರಲೇ ಇಲ್ಲ. ಈಗ ಹೆದರಿಕೆ ಹೋಯಿತಲ್ಲ?"

ಅಮ್ಮ ಜಪಸರ ಕೈಗೆತ್ತಿಕೊಂಡರು. "ಇಲ್ಲಿಂದ ಬೌಷರಿಗೆ ಎಷ್ಟು?"

ಬೌಷರಿನಲ್ಲಿರುವುದು ವಿಲ್ಲಿಯ ಮನೆ. "ಇಪ್ಪತ್ತು ನಿಮಿಷ," ಎಂದುಬಿಟ್ಟೆ. ಜಂಬ ಬಿಡುತ್ತದೆಯೇ?

"ಒಂದು ತೇರ್ಸ್. ಅಷ್ಟು ದೂರ ಹೋಗಲಿಕ್ಕೆ ನಿನಗೆ ಎಂಟು ತಿಂಗಳಾದರೂ ಆಗಲಿಲ್ಲ. ವಿಮಾನಕ್ಕೆ ಯಾರು ಹೆದರುತ್ತಾರೆ? ಲೂರ್ದಿಗೆ ಹೋಗಿ ಮಾತೆಯ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ನನಗೆ ಸಂಕಟ ಆಗ್ತದೆ ಮಗಾ."

ನನಗೂ ಆಯಿತು. ಕಾರಿನ ಕೀ ತೆಗೆದುಕೊಂಡೆ. ಅಮ್ಮ ಹಿಂದಿನ ಸೀಟಿನಲ್ಲಿ ಕೂತು ತೇರ್ಸ್ ಶುರು ಮಾಡಿದರು. ವಿಲ್ಲಿಯ ಕಟ್ಟಡದೆದುರು ನಿಲ್ಲಿಸುವಾಗ ಸರಿಯಾಗಿ ಮುಗಿಯಿತು. ನಾನು ಇಳಿಯಲಿಲ್ಲ. ಎಂಜಿನ್ನೂ ಆರಿಸಲಿಲ್ಲ. ಅಮ್ಮ ಎರಡನೆಯದು ಶುರು ಮಾಡಿದರು.

ಅದು ಅರ್ಧವಾಗಿತ್ತೋ ಏನೋ, ಯಾರೋ ಗಾಜು ತಟ್ಟಿದರು. ವಿಲ್ಲಿ. ಬಾಲ್ಕನಿಯಿಂದ ನೋಡಿ ಮನೆಯೊಳಗಿನ ಚಪ್ಪಲಿಯಲ್ಲೇ ಇಳಿದು ಬಂದಿದ್ದ.

"ಎಂತ ಅಣ್ಣಾ, ಪಾರ್ಕಿಂಗ್ ಸಿಗಲಿಲ್ವಾ?"

ಬೀದಿ ಪೂರ್ತಿ ಖಾಲಿ ಬಿದ್ದಿತ್ತು. "ಹೌದು ಮಾರಾಯ," ಎಂದೆ.